ತಡವಾಗಿ ಏಳುವ ಹಡಗು

ಆಗಸ್ಟ್ ೧೯, ರಾತ್ರಿ

ಬೆಳಗಿನಿಂದ ಹಡಗು ವಾಲಿದರೆ ಬೇಗ ಏಳುತ್ತಿರಲಿಲ್ಲ. ಒಳಗೆಲ್ಲೋ ನೀರು ಓಲಾಡುತ್ತಿದೆಯೆಂದು ಡೆಕ್ ಅಧಿಕಾರಿಯಾದ ನನಗೆ ಗುಮಾನಿ. ಮುಖ್ಯ ಎಂಜಿನಿಯರ್ ನನ್ನ ಅಕ್ಕನ ಗಂಡನೇ; ಅವರನ್ನೇ ಕೇಳಿದೆ.

"ಎಲ್ಲಾ ಒಣಗಿದೆ ಕಣೇ. ನಿಂಗೆ ಎಲ್ಲದಕ್ಕೂ ಅನುಮಾನ," ಎಂದರು. ಮುಖ ಕೊಟ್ಟು ಮಾತಾಡಲಿಲ್ಲ.

ನಾನೇ ಇಳಿದು ನೋಡಿದೆ. ಸರಕಿನ ಕೋಣೆಯಲ್ಲಿ ಮೊಣಕಾಲುದ್ದ ನೀರು. ಹಡಗು ವಾಲಿದ ಕಡೆಗೇ ನುಗ್ಗಿ ಅದನ್ನು ಇನ್ನಷ್ಟು ಅದುಮುತ್ತಿತ್ತು. ಸದಾ ಮುಚ್ಚಿರಬೇಕಾದ ಉಕ್ಕಿನ ಬಾಗಿಲಿಗೆ ಯಾರೋ ಮರದ ತುಂಡು ಕೊಟ್ಟು ತೆರೆದಿಟ್ಟಿದ್ದರು. ಎಂಜಿನ್ ಕೋಣೆಯ ಒಡೆದ ಪೈಪಿನ ನೀರು ಅಲ್ಲಿಂದಲೇ ಹರಿದಿತ್ತು. ಬಾಗಿಲು ಬಿಗಿದು, ಕ್ಯಾಪ್ಟನ್‌ಗೆ ಹೇಳಿ ಪಂಪ್ ಹಾಕಿಸಿದೆ. ಸಂಜೆಗೆ ಹಡಗು ನೆಟ್ಟಗಾಯಿತು.

ಆಮೇಲೆ ಭಾವ ಬಂದು, "ಅಕ್ಕಂಗೆ ಮಾತ್ರ ಹೇಳ್ಬೇಡ," ಎಂದರು.

ಅಕ್ಕನಿಗೆ ಯಾಕೆ? ಭಾವ ಎಂಜಿನಿಯರ್ ಆಗಿದ್ದ ಹಿಂದಿನ ಹಡಗು ಬಿರುಗಾಳಿಗೆ ಮುಳುಗಿತೆಂದೇ ಮನೆಯವರೆಲ್ಲ ನಂಬಿದ್ದೇವೆ. ಆ ದಿನ ಗಾಳಿ ನಿಜಕ್ಕೂ ಎಷ್ಟಿತ್ತೆಂದು ಯಾರನ್ನು ಕೇಳಲಿ? ಅಕ್ಕನನ್ನಂತೂ ಕೇಳಲಾರೆ.