ಬೆಟ್ಟಕ್ಕೆ ಬರುವುದಾದರೆ

ನವೆಂಬರ್ 9, ಭಾನುವಾರ

ಮಕ್ಕಳ ಅಪ್ಪನಿಗೆ,

ನೀವು ಫೋನ್ ಮಾಡಿದಾಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಲಾಂಡ್ರಿಯಲ್ಲಿ ಯಂತ್ರಗಳ ಸದ್ದು, ಪಕ್ಕದಲ್ಲೇ ಮೇಲ್ವಿಚಾರಕಿ. ಅದಕ್ಕೇ ಬರೆಯುತ್ತಿದ್ದೇನೆ. ಮಗನಿಗೆ ಹೋಗು ಎಂದವರು ನೀವು, ತಡೆಯದವಳು ನಾನು ಎಂದು ಕಿತ್ತಾಡಿ ಮನೆ ಎರಡಾಯಿತು. ಕಾಗದದಲ್ಲಾದರೆ ಜಗಳ ನಡುವೆ ಬಾಯಿ ಹಾಕುವುದಿಲ್ಲ.

ಮಗ ಸತ್ತ ಬೆಟ್ಟಕ್ಕೆ, ವರ್ಷ ತುಂಬುವ ದಿನ ನೀವೂ ಬರುತ್ತೇನೆಂದಿರಿ. ಬನ್ನಿ. ಆದರೆ ಈಗಿರುವ ಹಾಗೇ ಎದ್ದು ಬರಬೇಡಿ.

ಮೊದಲು ಶೂ. ಆಫೀಸಿನ ಶೂ ನಡೆಯುವುದಿಲ್ಲ. ಅಂಗಡಿಗೆ ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ. ಬೆರಳ ಮುಂದೆ ಜಾಗ ಇರಬೇಕು, ಹಿಮ್ಮಡಿ ಮೇಲೇಳಬಾರದು. ನಾನು ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ, "ಯಾವ ಬೆಟ್ಟಕ್ಕೆ ಆಂಟಿ?" ಎಂದಳು. ಹೆಸರು ಹೇಳಿದೆ. "ಅಲ್ಲಿಗಾ? ಹೋದ ಚಳಿಗಾಲ್ದಲ್ಲಿ ಅಲ್ಲೊಬ್ಬ ಹುಡುಗ ಸತ್ತೋದ. ಹುಷಾರು" ಎಂದಳು. ಹೌದಂತೆ ಎಂದೆ. ಕಾಲು ಚಾಚಿ ಅಳತೆ ಕೊಟ್ಟೆ.

ಆ ಶೂ ಹಾಕಿಕೊಂಡು ಮೊದಮೊದಲು ಮನೆಯ ಮೆಟ್ಟಿಲು ಹತ್ತಿಳಿದೆ, ಆಮೇಲೆ ಊರ ಹಿಂದಿನ ಗುಡ್ಡ. ನೀವೂ ಹಾಗೇ ಮಾಡಿ. ವಯಸ್ಸು ಇಬ್ಬರಿಗೂ ಹಿಂದಕ್ಕೆ ಓಡುತ್ತಿಲ್ಲ. ಒಮ್ಮೆ ಹಿಮ್ಮಡಿಯ ಗುಳ್ಳೆ ಒಡೆದು ಸಾಕ್ಸ್ ಅಂಟಿಕೊಂಡಿತ್ತು. ಕಿರಿಯವಳು ಬಿಸಿನೀರು ತಂದಿಟ್ಟು, "ಯಾಕಮ್ಮ ಇದೆಲ್ಲ ನಿಂಗೆ?" ಎಂದಳು. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ. ಅಣ್ಣ ಹೋದ ಜಾಗ ಹುಡುಕುತ್ತಿದ್ದೇನೆಂದು ಅವಳಿಗೆ ಗೊತ್ತಾಗುವುದು ಬೇಡ.

ಬಟ್ಟೆಯಲ್ಲಿ ಹತ್ತಿ ಬೇಡ. ಜೀನ್ಸ್ ಅಂತೂ ಬೇಡವೇ ಬೇಡ. ಒದ್ದೆ ಜೀನ್ಸ್ ಎಷ್ಟು ಭಾರ, ಎಷ್ಟು ಹೊತ್ತು ನೀರು ಬಿಡುವುದಿಲ್ಲ ಎಂದು ದಿನವೂ ಕೈಯಲ್ಲಿ ಹಿಡಿದು ನೋಡುವವಳು ನಾನು. ಅವತ್ತು ಅವನದಕ್ಕೆ ಇಸ್ತ್ರಿ ಹಾಕಿ ಕೊಟ್ಟವಳೂ ನಾನೇ. ಮೈಗೆ ತೆಳು ಉಣ್ಣೆ, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಕೋಟು. ಒಂದು ಜೊತೆ ಒಣಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ತಳಕ್ಕೆ ಹಾಕಿ. ಹಣೆಗೆ ಕಟ್ಟುವ ದೀಪ, ಸೀಟಿ, ಕಾಗದದ ನಕ್ಷೆ, ದಿಕ್ಸೂಚಿ. ಫೋನ್ ಇದೆಯಲ್ಲ ಎನ್ನಬೇಡಿ. ಅವನ ಬಳಿಯೂ ಇತ್ತು.

ಹೋದ ತಿಂಗಳು ಆ ಜಾಗಕ್ಕೆ ಹೋಗಿಬಂದೆ. ಅವನನ್ನು ಹೊತ್ತು ತಂದ ರಕ್ಷಣಾ ತಂಡದ ಹಿರಿಯರೊಬ್ಬರು ಜೊತೆಗಿದ್ದರು. ಕೆಳಗೆ ಬಿಸಿಲು, ಮೇಲೆ ಮಂಜು. ಮುಂದೆ ಹೋಗುತ್ತಿದ್ದ ಅವರ ಬೆನ್ನೂ ಕಾಣುತ್ತಿರಲಿಲ್ಲ. ಒಂದು ಬಂಡೆಯ ಬಳಿ ನಿಂತು, "ಇಲ್ಲೇ ಕಣಮ್ಮ" ಎಂದರು. ಸ್ವಲ್ಪ ಹೊತ್ತಿಗೆ ಮಂಜು ಸರಿಯಿತು. ಕೆಳಗೆ, ನಮ್ಮ ಹಳೇ ಮನೆಯಿಂದ ಹಾಲಿನಂಗಡಿ ಇದ್ದಷ್ಟೇ ದೂರದಲ್ಲಿ, ಕಲ್ಲಿನ ತಂಗುಮನೆ. ಒಲೆ ಇದೆ, ಕಂಬಳಿಗಳಿವೆ.

"ಅವನಿಗೆ ಇದು ಕಾಣಿಸ್ಲೇ ಇಲ್ವಾ?" ಎಂದು ಕೇಳಿದೆ.

"ಅವತ್ತು ಮಂಜು ಬಿಡಲೇ ಇಲ್ಲ ತಾಯಿ. ನಾವೂ ರಾತ್ರಿ ಅದೇ ಮನೇಲಿ ಮಲಗಿದ್ವಿ, ಬೆಳಕು ಹರಿದ್ಮೇಲೆ ಹುಡುಕೋಣ ಅಂತ" ಎಂದರು. ಆಮೇಲೆ ನನ್ನ ಮುಖ ನೋಡಲಿಲ್ಲ.

ಅವರು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಚಹಾ ಕುಡಿದೆ.

ಇದನ್ನು ನೀವು ಅಲ್ಲೇ ನಿಂತು ಮೊದಲ ಸಲ ಕೇಳಬಾರದು, ಅದಕ್ಕೇ ಈಗಲೇ ಬರೆದೆ. ಅವರ ಮೇಲೆ ಕೈ ಎತ್ತಬೇಡಿ. ರೇಗುವುದಿದ್ದರೆ ನನ್ನ ಮೇಲೆ ರೇಗಿ, ಅಭ್ಯಾಸವಿದೆ.

ಇಂತಿ,
ಅವನ ಅಮ್ಮ

ವಿ.ಸೂ.: ಕಾಗದ ಅಂಟಿಸುವ ಮುಂಚೆ ಕಿರಿಯವಳ ಹಾಸಿಗೆ ಕೊಡವಲು ಹೋದೆ. ಮಂಚದ ಕೆಳಗೆ ಅಣ್ಣನ ಹಳೇ ಬ್ಯಾಗು, ಪಕ್ಕದಲ್ಲಿ ಕೆಸರು ಮೆತ್ತಿದ ಅವಳ ಕ್ಯಾನ್ವಾಸ್ ಶೂ. ಕೆಸರು ಇನ್ನೂ ಹಸಿಯಾಗಿತ್ತು. ವಾರಾಂತ್ಯಕ್ಕೆ ಗೆಳತಿಯ ಮನೆಗೆ ಓದಲು ಹೋಗುತ್ತಾಳೆಂದು ನಂಬಿದ್ದೆ. ಶೂ ಅಂಗಡಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ನಾನು ಕೇಳಿದರೆ ಸುಳ್ಳು ಹೇಳುತ್ತಾಳೆ; ನನ್ನ ಮಗಳಲ್ಲವೇ.