ರಂಪಣಿ ಹಗ್ಗ ಬಿಟ್ಟವರು

ಕಾಸರಕೋಡ,
11-10-1974, ಶುಕ್ರವಾರ

ಪ್ರೀತಿಯ ಗಂಗಿಗೆ,

ಹೇಗಿದ್ದೀಯ? ಲಕ್ಕಿಯ ಕೆಮ್ಮು ಇಳಿಯಿತೋ? ಹಿರೇಗುತ್ತಿಯ ಗಾಳಿಗೆ ಮಗುವಿನ ಎದೆ ಬೇಗ ಕಟ್ಟುತ್ತದೆ, ನಿನ್ನ ಅವ್ವನಿಗೆ ಹೇಳಿ ಕಾಳುಮೆಣಸಿನ ಕಷಾಯ ಮಾಡಿಸು. ಮಾವನ ಮೊಣಕಾಲು ಈಗ ಹೇಗಿದೆ? ನಾನು ಚೆನ್ನಾಗಿದ್ದೇನೆ. ಕೈಕಾಲು ಇದ್ದಲ್ಲೇ ಇವೆ. ಇದನ್ನು ಮೊದಲಿಗೇ ಬರೆಯಲು ಕಾರಣ, ಬುಧವಾರದ ಸುದ್ದಿ ಇಷ್ಟರಲ್ಲಿ ಕುಮಟೆಯ ಮೀನುಪೇಟೆ ಮುಟ್ಟಿರುತ್ತದೆ. ಅಲ್ಲಿಂದ ನಿನ್ನ ಅಂಗಳಕ್ಕೆ ಬರುವಷ್ಟರಲ್ಲಿ ಯಾರಾದರೂ ನನ್ನನ್ನು ಸಮುದ್ರಕ್ಕೆ ಹಾಕಿಬಿಟ್ಟಿರುತ್ತಾರೆ.

"ವಿಮಾನ ಬೇಕೋ, ನಾವಿಬ್ರು ಬೇಕೋ, ಯೋಚ್ನೆ ಮಾಡಿ ಕಾಗ್ದ ಹಾಕಿ" ಎಂದು ನೀನು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ತಿಂಗಳಾಗುತ್ತ ಬಂತು. ಉತ್ತರ ಬರೆಯಲು ಕುಳಿತಾಗಲೆಲ್ಲ ಹವೆ ಚೆನ್ನಾಗಿರುತ್ತಿತ್ತು. ಒಳ್ಳೆಯ ಹವೆಯಲ್ಲಿ ನಿಜ ಬರೆಯಲು ಕೈ ಬರುವುದಿಲ್ಲ. ಈಗ ಬರೆಯುತ್ತೇನೆ. ಹೆಬಳೆಯ ನಮ್ಮಜ್ಜಿ ಕಥೆ ಹೇಳಿದ ಹಾಗೆ ಊರೆಲ್ಲ ಸುತ್ತಿ ಬಂದೇ ಹೇಳುತ್ತೇನೆ, ಸಿಟ್ಟಾಗಬೇಡ.

ಬುಧವಾರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಿಂದ ಸಣ್ಣ ವಿಮಾನದಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ದೇವಪ್ಪ, ಅದೇ ಮೀನಿನ ಸರ್ವೆಯವನು. ಭಟ್ಕಳದಿಂದ ಕುಮಟೆಯವರೆಗೆ ಬಂಗಡೆ ಎಲ್ಲೆಲ್ಲಿ ಹಿಂಡು ಕಟ್ಟಿದೆ ಎಂದು ಮೇಲಿನಿಂದ ನೋಡಿ ನಕ್ಷೆಯಲ್ಲಿ ಗುರುತು ಹಾಕುವುದು ಅವನ ಕೆಲಸ, ಅವನನ್ನು ಹೊತ್ತು ತಿರುಗುವುದು ನನ್ನದು. ಹಿಂಡು ಹೇಗೆ ಕಾಣುತ್ತದೆ ಎಂದು ಲಕ್ಕಿ ಕೇಳಿದ್ದಳಲ್ಲ, ನೀರಿನ ಮೇಲೆ ಮೋಡದ ನೆರಳು ಬಿದ್ದ ಹಾಗೆ, ಆದರೆ ಮೇಲೆ ಮೋಡ ಇರುವುದಿಲ್ಲ ಎಂದು ಹೇಳು. ಕುಮಟೆಯಲ್ಲಿ ತಿರುಗಿಸಿಕೊಂಡಾಗ ಘಟ್ಟದ ಮೇಲೆ ನಿಜವಾದ ಮೋಡವೇ ಏಳುತ್ತಿತ್ತು. ಈ ತಿಂಗಳ ಮೋಡ ನಿನಗೆ ಗೊತ್ತು, ಮಧ್ಯಾಹ್ನದವರೆಗೆ ಸಾಧುವಿನ ಹಾಗೆ ಕೂತಿರುತ್ತದೆ. ಅದು ಕೆಳಗಿಳಿಯುವಷ್ಟರಲ್ಲಿ ಮಂಗಳೂರಿನಲ್ಲಿ ಚಾ ಕುಡಿಯುತ್ತಿರುತ್ತೇವೆ ಎಂದುಕೊಂಡೆ. ಹೊನ್ನಾವರದ ಅಳಿವೆ ಕಾಣುವ ಹೊತ್ತಿಗೆ ಅದು ನಮ್ಮ ತಲೆಯ ಮೇಲಿತ್ತು.

ದೋಣಿಯಲ್ಲಿ ತೆರೆ ಬರುವುದು ಕಣ್ಣಿಗೆ ಕಾಣುತ್ತದೆ, ಮೈ ಬಿಗಿ ಹಿಡಿಯಬಹುದು. ಗಾಳಿಯ ತೆರೆ ಕಾಣುವುದಿಲ್ಲ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ ನಮ್ಮನ್ನು ಮೇಲಕ್ಕೆ ಎಸೆಯಿತು. ಕೆಳಗೆ ಬರುವಾಗ ಮೊರವೇ ಇರಲಿಲ್ಲ. ದೇವಪ್ಪನ ನಕ್ಷೆ, ಪೆನ್ಸಿಲ್ಲು, ಬುತ್ತಿಯ ಅವಲಕ್ಕಿ ಎಲ್ಲ ಚಾವಣಿಗೆ ಹಾರಿ ನನ್ನ ಅಂಗಿಯ ಕೊರಳೊಳಗೆ ಇಳಿದವು. ಮಳೆ ಗಾಜಿಗೆ ಕಲ್ಲು ತೂರಿದ ಹಾಗೆ ಹೊಡೆಯುತ್ತಿತ್ತು. "ಸೋಮಣ್ಣಾ, ಇಳ್ಸಾ ಮಾರಾಯಾ, ಎಲ್ಲಾದ್ರೂ ಇಳ್ಸು, ತೆಂಗಿನ್ ಮರದ್ ಮೇಲಾದ್ರೂ ಅಡ್ಡಿಲ್ಲ" ಎಂದು ದೇವಪ್ಪ ಕೂಗುತ್ತಿದ್ದ. ಅಷ್ಟರಲ್ಲಿ ಇಂಜಿನ್ನಿಗೆ ನೀರು ಹೊಕ್ಕಿತೋ ಏನೋ, ಲಕ್ಕಿಯ ಹಾಗೆಯೇ ಕೆಮ್ಮಲು ಶುರುಮಾಡಿತು.

ಹೆದರಿಕೆಯಾಯಿತೇ ಎಂದು ನೀನು ಕೇಳುತ್ತೀಯ. ಇಲ್ಲ ಗಂಗಿ. ಬರೀ ದಣಿವು ಬಂತು. ಕೈ ಸಡಿಲ ಬಿಟ್ಟರೆ ಆತು, ಇನ್ನು ಯಾರೂ ಎಬ್ಬಿಸುವುದಿಲ್ಲ ಎನ್ನುವಂಥ ದಣಿವು. ಇಷ್ಟು ವರ್ಷದಲ್ಲಿ ಅಂಥದು ನನಗೆ ಬಂದಿರಲಿಲ್ಲ. ಹಿಂದೆ ದೇವಪ್ಪ ಕೂಗದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ಮೋಡದ ಕೆಳಗೆ ಬಿದ್ದಾಗ ಕಾಸರಕೋಡಿನ ಮರಳದಂಡೆ ಕಂಡಿತು. ನೇರ, ಉದ್ದ, ನೀರು ಕುಡಿದು ಗಟ್ಟಿಯಾದ ಮರಳು. ಆದರೆ ಅಲ್ಲಿ ಊರಿಗೆ ಊರೇ ನಿಂತು ಸಮುದ್ರಕ್ಕೆ ಬಿಟ್ಟ ರಂಪಣಿ ಬಲೆಯನ್ನು ದಂಡೆಗೆ ಎಳೆಯುತ್ತಿತ್ತು. ಎರಡು ಹಗ್ಗ ದಂಡೆಗೆ ಅಡ್ಡಲಾಗಿ, ಹಗ್ಗದುದ್ದಕ್ಕೂ ಗಂಡಸರು ಹೆಂಗಸರು. ನಾನೂ ಹೆಬಳೆಯ ದಂಡೆಯಲ್ಲಿ ಹಗ್ಗ ಹಿಡಿದು ಬೆಳೆದವನು. ಬಲೆಯಲ್ಲಿ ಮೀನು ಬಿದ್ದ ಮೇಲೆ ರಂಪಣಿ ಹಗ್ಗವನ್ನು ಯಾರೂ ಬಿಡುವುದಿಲ್ಲ, ಬಿಟ್ಟರೆ ಬಲೆ ಸಡಿಲಾಗಿ ಇಡೀ ಊರಿನ ಪಾಲು ನೀರಿಗೆ. ನಮ್ಮಪ್ಪ ತೀರಿಕೊಂಡ ಸುದ್ದಿ ದಂಡೆಗೆ ಬಂದಾಗಲೂ ದೊಡ್ಡಪ್ಪ ಹಗ್ಗ ಬಿಟ್ಟಿರಲಿಲ್ಲ, ಬಲೆ ಮೇಲೆ ಬಂದ ಮೇಲೇ ಅಳುತ್ತಾ ಮನೆಗೆ ಬಂದದ್ದು. ಇವರೂ ಬಿಡುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಒಂದು ಸಲ ಅವರ ತಲೆಯ ಮೇಲೆ ಹಾದು, ನೀರಿಗೇ ಇಳಿಸುವುದೆಂದು ತಿರುಗಿಸಿದೆ. ದೇವಪ್ಪನಿಗೆ ಈಜು ಬರುವುದಿಲ್ಲ.

ತಿರುಗಿ ಬರುವಾಗ ನೋಡುತ್ತೇನೆ, ಹಗ್ಗಗಳು ಸತ್ತ ಹಾವಿನ ಹಾಗೆ ಮರಳ ಮೇಲೆ ಬಿದ್ದಿವೆ. ಜನ ದಂಡೆಯಂಚಿನ ಗಾಳಿಮರಗಳ ಕಡೆಗೆ ಓಡುತ್ತಿದ್ದಾರೆ, ಕೆಲವರು ಮಕ್ಕಳನ್ನು ಎಳೆದುಕೊಂಡು. ಬಲೆಯ ಮುಂದಾಳು ಮಾಬ್ಲಣ್ಣ ಒಬ್ಬನೇ ನಡುವೆ ನಿಂತು ತಲೆಯ ವಸ್ತ್ರ ಬಿಚ್ಚಿ ಬೀಸುತ್ತಿದ್ದ, ಕಡೆಗೆ ಅವನೂ ಓಡಿದ. ಇಳಿಸಿದೆ. ಎರಡು ಸಲ ಪುಟಿಯಿತು, ಒಂದು ಗಾಲಿ ಹೂತಿತು, ನಿಂತಿತು.

ಸಮುದ್ರದ ಭರತ ಏರುತ್ತಿತ್ತು, ವಿಮಾನದ ಬಾಲಕ್ಕೆ ನೀರು ತಾಗುತ್ತಿತ್ತು. ಮಾಬ್ಲಣ್ಣ ನನ್ನ ಮುಖ ನೋಡಿ, "ಎಂತದಾ ತಮಾ, ಜೀವ ಇತ್ತನಾ? ಹಾಗಾರೆ ಕೆಳಗಿಳಿ, ಭಾರ ಕಮ್ಮಿ ಆಗ್ಲಿ" ಎಂದ. ಅದೇ ಹಗ್ಗವನ್ನು ಗಾಲಿಗಳಿಗೆ ಕಟ್ಟಿ, ಅದೇ ಜನ, ಐಸಾ ಹೇಳುತ್ತ ವಿಮಾನವನ್ನು ಮೇಲಕ್ಕೆ ಎಳೆದರು. ನಾನೂ ಹಿಡಿದೆ, ದೇವಪ್ಪನೂ ಹಿಡಿದ. ಎಳೆದು ಮುಗಿದ ಮೇಲೆ ಎಲ್ಲರೂ ಅಭ್ಯಾಸಬಲದಿಂದ ಮರಳಿನಲ್ಲಿ ಸಾಲಾಗಿ ಕುಳಿತುಬಿಟ್ಟರು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು, ಅದಕ್ಕೆ ಕೂರುವುದು. ಹೆಂಗಸರು ಬುಟ್ಟಿಯನ್ನೂ ಮುಂದಿಟ್ಟುಕೊಂಡರು. ಹಂಚಲು ಮೀನೇ ಇಲ್ಲವೆಂಬುದು ಯಾರ ತಲೆಗೂ ಹೋಗಿರಲಿಲ್ಲ. ಆಮೇಲೆ ಮುದುಕಿ ದುರ್ಗಿ ನನ್ನನ್ನು ನೋಡಿ, "ಕೂತದ್ದೆಂತಕೆ ನಾವು? ಈ ಹಕ್ಕಿ ಹೊಟ್ಟೆ ಬಗದ್ರೆ ಎರಡು ಬಂಗಡೆ ಸಿಕ್ಕೂದನಾ?" ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಖಾಲಿ ಬುಟ್ಟಿ ಎತ್ತಿಕೊಂಡು ಎದ್ದರು. ನನಗೆ ನಗಲು ಆಗಲಿಲ್ಲ. ಬಲೆಯಲ್ಲಿದ್ದದ್ದು ತುಂಬಿದ ಹಿಂಡು, ಬೆಳಿಗ್ಗೆ ಹೋಗುವಾಗ ಮೇಲಿನಿಂದ ಅದನ್ನು ನಾನೇ ನೋಡಿದ್ದೆ.

ಅಂದಿನಿಂದ ಮಾಬ್ಲಣ್ಣನ ಜಗಲಿಯಲ್ಲೇ ಇದ್ದೇನೆ. ಗಂಜಿ, ಒಣಮೀನಿನ ಚಟ್ನಿ ಕೊಡುತ್ತಾರೆ, ಮಲಗಿದರೆ ನೆಲ ಇನ್ನೂ ಕುಣಿಯುತ್ತದೆ. ದೇವಪ್ಪ ಬಸ್ಸಿನಲ್ಲಿ ಊರಿಗೆ ಹೋದ, ಇನ್ನು ಎತ್ತರದ ಮಂಚದ ಮೇಲೂ ಮಲಗುವುದಿಲ್ಲವಂತೆ. ನಿನ್ನೆ ಮಂಗಳೂರಿನಿಂದ ಮೆಕ್ಯಾನಿಕ್ ಬಂದು ಎಣ್ಣೆಯೊಳಗಿನ ನೀರು ತೆಗೆದ, ಇಂಜಿನ್ ಸರಿಯಾಗಿದೆ.

ಮಾವ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಲಕ್ಕಿಯ ಹಣೆಗೆ ನನ್ನ ಲೆಕ್ಕದ ಮುತ್ತು ನೀನೇ ಕೊಟ್ಟುಬಿಡು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಬೈಗುಳ ಕೇಳದೆ ಸೊರಗಿರುವ,
ಸೋಮ

ತಾ.ಕ.: ಟಪಾಲು ಹಾಕುವವರು ಹೊನ್ನಾವರಕ್ಕೆ ಹೊರಟು ನಿಂತಿದ್ದಾರೆ, ಅವಸರ. ಉತ್ತರ ಇದು. ನನಗೆ ನೀವಿಬ್ಬರು ಬೇಕು. ರಾಜೀನಾಮೆ ಬರೆದು ಮೆಕ್ಯಾನಿಕ್ ಕೈಗೆ ಕೊಟ್ಟಿದ್ದೇನೆ. ಆದರೆ ವಿಮಾನ ನಿಂತಿರುವುದು ಇವರು ಬಲೆ ಎಳೆಯುವ ಜಾಗದಲ್ಲೇ. ಅಂದಿನಿಂದ ಇವರು ಬಲೆಯನ್ನು ನೀರಿಗೆ ಇಳಿಸಿಲ್ಲ, ವಿಮಾನ ತೆಗೆ ಎಂದು ಒಬ್ಬರೂ ಬಾಯಿ ತೆರೆದು ಹೇಳಿಲ್ಲ. ಬೇರೆ ಪೈಲಟ್ ಬರುವುದು ದೀಪಾವಳಿ ಕಳೆದ ಮೇಲಂತೆ. ಹಾಗಾಗಿ ನಾಳೆ ಸಮುದ್ರ ಇಳಿತದ ಹೊತ್ತಿಗೆ ನಾನೇ ವಿಮಾನ ಎಬ್ಬಿಸಿ ಬಜ್ಪೆಗೆ ಒಯ್ದು ಬಿಟ್ಟು, ಹಿರೇಗುತ್ತಿಗೆ ಬಸ್ಸು ಹಿಡಿಯುತ್ತೇನೆ. ಇದೇ ಕಡೆಯ ಸಲ ಎಂದು ಹಿಂದೆಯೂ ನಿನಗೆ ಹೇಳಿದ್ದೇನೆ, ಅದಕ್ಕೆ ಈಗ ಆ ಮಾತು ಬರೆಯುವುದಿಲ್ಲ. ಕಾಗದ ಮೊದಲು ಬಂದರೆ ಆಕಾಶ ನೋಡುತ್ತ ಕೂರಬೇಡ. ನಾನು ಮೊದಲು ಬಂದರೆ ಬೈಯುವುದನ್ನು ಆಮೇಲೆ ಇಟ್ಟುಕೊಂಡು ಒಂದು ಚಾಪೆ ಹಾಸು. ತುಂಬ ನಿದ್ದೆ ಮಾಡುವುದಿದೆ.