ಹೋಗ್ತೀನಿ ಅನ್ನಬಾರದು

॥ ಶ್ರೀ ಗುರುಬಸವಲಿಂಗಾಯ ನಮಃ ॥

ಹ್ಯಾಮಿಲ್ಟನ್, ನ್ಯೂಜಿಲೆಂಡ್
ಗುರುವಾರ, 9 ಏಪ್ರಿಲ್ 2026

ಪ್ರೀತಿಯ ಮಗಳು ರುದ್ರಾಣಿಗೆ ನಿನ್ನ ಅವ್ವನ ಆಶೀರ್ವಾದ.

ಹೆಂಗಿದ್ದೀ ಯವ್ವಾ? ಕಾಲಿನ ಬಾವು ಇಳಿಯಿತೇನು? ರಕ್ತ ಕಡಿಮೆ ಇದೆ ಅಂತ ಡಾಕ್ಟರಮ್ಮ ಕೊಟ್ಟ ಗುಳಿಗೆ ದಿನಾ ನುಂಗುತ್ತೀಯೋ, ಇಲ್ಲ ನಿನ್ನ ಹಳೇ ಚಾಳಿಯಂತೆ ದಿಂಬಿನ ಕೆಳಗೆ ಇಡುತ್ತೀಯೋ? ನಾಲ್ಕನೇ ಇಯತ್ತೆಯಲ್ಲಿ ಜ್ವರ ಬಂದಾಗ ಹನ್ನೊಂದು ಗುಳಿಗೆ ದಿಂಬಿನ ಕೆಳಗೆ ಸಿಕ್ಕಿದ್ದವು, ನಾನೇನೂ ಮರೆತಿಲ್ಲ. ಎಡ ಮಗ್ಗುಲಿಗೆ ಮಲಗು. ನಿಮ್ಮಪ್ಪ ಬಸ್ ಡಿಪೋದಿಂದ ಬರುವಾಗ ಮೆಣಸಿನಕಾಯಿ ಭಜಿ ತಂದರೆ ಒಂದರ ಮೇಲೆ ಮುಟ್ಟಬೇಡ. ಏಳನೇ ತಿಂಗಳ ಕುಬುಸ ಮುಗಿಸಿಕೊಂಡು ತವರಿಗೆ ಬಂದ ಮಗಳಿಗೆ ಬಾಗಿಲಲ್ಲಿ ಆರತಿ ಮಾಡಲು ಅವ್ವ ಇರಲಿಲ್ಲ. ಅಪ್ಪನೇ ತಟ್ಟೆ ಹಿಡಿದು ನಿಂತಿದ್ದರಂತೆ. ಕೇಳಿ ನಗುವೂ ಬಂತು, ಕಣ್ಣೀರೂ ಬಂತು.

ಫೋನ್ ಇರುವಾಗ ಅವ್ವ ಯಾಕೆ ಕಾಗದ ಬರೆದಳು ಅಂತ ನೀನು ಅನ್ನಬಹುದು. ಈ ಮನೆಯಲ್ಲಿ ಫೋನು ಊಟದ ಮೇಜಿನ ನಡುವೆ ಸ್ಪೀಕರ್ ಹಾಕಿಕೊಂಡೇ ಕೂತಿರುತ್ತದೆ. ಎಲ್ಲರೂ ಕೇಳಲಿ ಅನ್ನುವುದು ಪ್ರೀತಿಯೇ, ಆದರೆ ತಾಯಿ ಮಗಳ ಮಾತಿಗೆ ಒಂದು ಮೂಲೆ ಬೇಕಲ್ಲ. ಹೋದ ರವಿವಾರ ನಿಮ್ಮಣ್ಣ ಬಸವಕಿರಣ ನಿನಗೆ 'ಅವ್ವ ಒಪ್ಪಿಕೊಂಡಾಳ, ಇಲ್ಲೇ ಇರ್ತಾಳ' ಅಂದ. ನೀನು 'ಹೌದಾ? ಛಲೋ ಆತು ಬಿಡು' ಅಂದು ಫೋನ್ ಅಪ್ಪನ ಕೈಗೆ ಕೊಟ್ಟೆ. ಆ 'ಬಿಡು' ನಾಲ್ಕು ದಿನದಿಂದ ನನ್ನ ಕಿವಿಯೊಳಗೇ ಇದೆ. ರುದ್ರಾಣಿ, ಲಿಂಗ ಮುಟ್ಟಿ ಹೇಳುತ್ತೇನೆ, ನಾನು ಒಪ್ಪಿಕೊಂಡಿಲ್ಲ. ಆದದ್ದು ಇಷ್ಟು.

ನನ್ನ ಸೊಸೆ, ನಿಮ್ಮ ವೈನಿ ಸ್ನೇಹಲ್ ಇಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸ ಮಾಡುತ್ತಾಳೆ, ನಿನಗೆ ಗೊತ್ತು. ತನ್ನ ಎರಡರಷ್ಟು ತೂಕದವರನ್ನು ಎಬ್ಬಿಸಿ ಕೂರಿಸಿ, ಬೆನ್ನು ಹಿಡಿದುಕೊಂಡು ಮನೆಗೆ ಬರುತ್ತಾಳೆ. ಅಲ್ಲಿ ನರ್ಸಮ್ಮ ಬಂದು ಸೂಜಿ ಚುಚ್ಚುವಾಗ ಇವಳು ಬದಿಗೆ ಸರಿಯಬೇಕು. ಅದಕ್ಕೇ ನರ್ಸಿಂಗ್ ಕಲಿಯಬೇಕು ಅಂತ ಎರಡು ವರ್ಷದಿಂದ ಹಟ ಹಿಡಿದಿದ್ದಾಳೆ. ಮೂರು ವರ್ಷದ ಓದು. ಹೋದ ವರ್ಷ ಅರ್ಜಿ ಹಾಕಿದಾಗ, ಬೆಳಗಿನ ಏಳಕ್ಕೆ ಆಸ್ಪತ್ರೆ ಡ್ಯೂಟಿ ಇರುತ್ತದೆ, ಮನೆಯಲ್ಲಿ ಕೂಸನ್ನು ಯಾರು ನೋಡುತ್ತಾರೆ ಅಂತ ಕೇಳಿದರು. ನೋಡುವವರು ಯಾರೂ ಇರಲಿಲ್ಲ. ಸೀಟು ಬೇರೆಯವರಿಗೆ ಹೋಯಿತು.

ಈ ಸಲ ಅರ್ಜಿಯ ಜೊತೆ ತನ್ನ ಬಗ್ಗೆ ಎರಡು ಪುಟ ಬರೆಯಬೇಕಿತ್ತು. ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಅದರಲ್ಲಿ ಇದ್ದದ್ದು ನಾನೇ! ಅವಳ ಮಗಳು ನಿಧಿ ಹುಟ್ಟಿದಾಗ ನಾನು ಬಂದು ಐದು ತಿಂಗಳು ಬಾಣಂತನ ಮಾಡಿದ್ದು, ಎಣ್ಣೆ ಹಚ್ಚಿದ್ದು, ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ ನೀರು ಎರೆದದ್ದು, ಜ್ವರ ಬಂದಾಗ ಕೈ ಹಿಡಿದು ಕೂತದ್ದು. 'ತಾಯಿ ಇಲ್ಲದ ನನಗ ಅತ್ತೀನೇ ಮೊದಲನೇ ನರ್ಸ್' ಅಂತ ಬರೆದಿದ್ದಾಳೆ. ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆಮೇಲೆ ಸಂದರ್ಶನ ಬಂತು, ಕಂಪ್ಯೂಟರಿನಲ್ಲೇ. ಇಬ್ಬರು ಹೆಣ್ಣುಮಕ್ಕಳು ಕಾಣಿಸಿಕೊಂಡರು. ಒಬ್ಬಾಕೆ ನಮ್ಮ ಕನ್ನಡ ಶಾಲೆಯ ಅಕ್ಕೋರ ಹಾಗೆ ನೆತ್ತಿಯ ಮೇಲೆ ತುರುಬು ಕಟ್ಟಿದ್ದಳು. 'ಅತ್ತೀ, ಕೂಸನ್ನ ನೋಡೋರು ಮನ್ಯಾಗ ಅದಾರ ಅಂತ ಅವರಿಗೆ ಗೊತ್ತಾದ್ರ ಸಾಕು, ನಮಸ್ಕಾರ ಅಂದು ಹೋಗಿಬಿಡ್ರಿ' ಅಂತ ಸ್ನೇಹಲ್ ಮೊದಲೇ ಹೇಳಿದ್ದಳು. ಒಲೆಯ ಮೇಲೆ ರೊಟ್ಟಿ ಬಿಟ್ಟು, ನಿಧಿಯನ್ನು ಎತ್ತಿಕೊಂಡೇ ಹೋಗಿ ಕೈ ಮುಗಿದೆ. ಮುಗಿದು ತಿರುಗಬೇಕು, ಅಷ್ಟರಲ್ಲಿ ತುರುಬಿನಾಕೆ ಏನೋ ಉದ್ದಕ್ಕೆ ಕೇಳಿದಳು. ಕೊನೆಗೆ 'ಗೋಯಿಂಗ್?' ಅಂದದ್ದು ಮಾತ್ರ ತಿಳಿಯಿತು. ಬಾಗಿಲಲ್ಲಿ ನಿಂತವರನ್ನು 'ಹೊಂಟ್ರೇನ್ರಿ?' ಅಂತ ಕೇಳುವುದಿಲ್ಲವೇ ನಮ್ಮಲ್ಲಿ, ಹಾಗೆ ಕೇಳಿದಳು ಅಂದುಕೊಂಡೆ. ಹೊಂಟೆ ಅಂತ ನಾನು ಹೇಗೆ ಅನ್ನಲಿ? ನೀನು ಸಣ್ಣವಳಿದ್ದಾಗ ಹೊಸ್ತಿಲಲ್ಲಿ ನಿಂತು 'ಶಾಲಿಗೆ ಹೋಗ್ತೀನವ್ವಾ' ಅಂದದ್ದಕ್ಕೆ ಬಾಯಿಗೆ ಬಡಿದಿದ್ದೆ, ನೆನಪಿದೆಯಾ? 'ಬರ್ತೀನಿ ಅನ್ನು, ಹೋಗ್ತೀನಿ ಅಂದ್ರ ಹೋದಂಗ' ಅಂತ. ನಿಧಿ, ನಾನು ಕರೆದಾಗಲೆಲ್ಲ 'ಕಮಿಂಗ್ ಅಜ್ಜಿ' ಅಂತ ಓಡಿ ಬರುತ್ತಾಳೆ. ಅವಳಿಂದ ಕಲಿತ ಆ ಒಂದು ಮಾತು ನಾಲಿಗೆಗೆ ಬಂತು. 'ನೋ ಗೋಯಿಂಗ್, ಕಮಿಂಗ್' ಅಂದೆ. ಇಬ್ಬರೂ ನಕ್ಕು ಏನೋ ಬರೆದುಕೊಂಡರು. ಸ್ನೇಹಲ್ ಬಾಯಿ ತೆರೆದು ನನ್ನನ್ನೇ ನೋಡಿದಳು. ನಾನು ರೊಟ್ಟಿ ಹೊತ್ತಿದ ವಾಸನೆಗೆ ಓಡಿದೆ.

ಅವರು ಕೇಳಿದ್ದು ಬೇರೆಯೇ ಆಗಿತ್ತು. ಜೂನಿನಲ್ಲಿ ನೀವು ಮಗಳ ಬಾಣಂತನಕ್ಕೆ ಊರಿಗೆ ಹೋಗುತ್ತೀರಂತೆ, ಓದು ಶುರುವಾಗುವುದು ಜುಲೈನಲ್ಲಿ, ಇರುವವರೇ ಅಥವಾ ಹೋಗುವವರೇ ಅಂತ. ಇದು ನನಗೆ ತಿಳಿದದ್ದು ಮೂರು ವಾರದ ಮೇಲೆ, ಸೀಟು ಸಿಕ್ಕಿದ ದಿನ. ಸ್ನೇಹಲ್ ಅಳುತ್ತಾ ಬಂದು ಕಾಲು ಹಿಡಿದಳು. 'ಅತ್ತೀ, ಮಗಳ ಬಾಣಂತನ ಬಿಟ್ಟು ನನ್ನ ಸಲುವಾಗಿ ಇರ್ತೀನಿ ಅಂದ್ರಿ. ನನ್ನ ಹಡೆದಾಕೀನೂ ಇಷ್ಟು ಮಾಡ್ತಿರಲಿಲ್ಲ' ಅಂದಳು. ಅವಳನ್ನು ಎಬ್ಬಿಸಿ ಕೂರಿಸಿ, ಸೆರಗಿನಿಂದ ಕಣ್ಣು ಒರೆಸಿದೆ. ಆ ಹೊತ್ತಿಗೇ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಒಂದು ದಿನ ತಡವಾಯಿತು, ಆಮೇಲೆ ವಾರವಾಯಿತು. ಈಗ ನಿಮ್ಮಣ್ಣ ಕಂಡಕಂಡವರಿಗೆಲ್ಲ ನನ್ನ ತ್ಯಾಗದ ಕಥೆ ಹೇಳುತ್ತಿದ್ದಾನೆ. ಹೋದ ಶನಿವಾರ ಮೆಲ್ಲಗೆ ಕೇಳಿದೆ, ರುದ್ರಾಣಿಯ ಬಾಣಂತನ ಯಾರು ಮಾಡುತ್ತಾರಪ್ಪಾ ಅಂತ. 'ಅದೇನ್ ದೊಡ್ಡದವ್ವಾ, ಈಗ ಎಲ್ಲಾ ದವಾಖಾನ್ಯಾಗ ಮಾಡ್ತಾರ' ಅಂದ. ತನ್ನ ಹೆಂಡತಿಗೆ ಐದು ತಿಂಗಳು ಮಾಡಿಸಿಕೊಂಡವನ ಮಾತು ಇದು.

ಈಗ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರೆ. ಮೂರು ವರ್ಷ ಈ ಮನೆಯಲ್ಲೇ ಇದ್ದು ಮಗುವನ್ನು ನೋಡಿಕೊಳ್ಳುತ್ತೇನೆ ಅಂತ ನಾನು ಕಾಲೇಜಿನವರಿಗೆ ಸಹಿ ಹಾಕಿ ಕೊಡಬೇಕಂತೆ. ಹಾಲು ತೆಗೆದರೂ ಅದೇ ಕಾಣುತ್ತದೆ, ಮೊಸರು ತೆಗೆದರೂ ಅದೇ. ಅಮಾವಾಸ್ಯೆ ಕಳೆಯಲಿ ಅಂದೆ. ನಿಮ್ಮಣ್ಣ 'ಹಂಗಾರ ಇಪ್ಪತ್ತಕ್ಕ ಸೋಮವಾರ ಬಸವ ಜಯಂತಿ, ಅವತ್ತೇ ಸಹಿ ಮಾಡು, ಕಡೀ ದಿನಾನೂ ಅದೇ' ಅಂದ. ಬಸವಣ್ಣನ ದಿನ ನಾನು ಆಡದ ಮಾತಿಗೆ ಸಹಿ ಹಾಕಬೇಕು, ನೋಡು.

ಹೊರಗೆ ಹೋಗಿ ಯಾರ ಮುಂದಾದರೂ ಹೇಳೋಣ ಅಂದರೆ, ಈ ಊರಿನಲ್ಲಿ ಕಾರು ನಡೆಸಲು ಬರದವರು ಕಾಲಿಲ್ಲದವರು. ಮೂಲೆಯ ಅಂಗಡಿಯ ತನಕ ನಡೆದುಹೋಗಿ ಬರುತ್ತೇನೆ, ಅದಕ್ಕೆ ಇಲ್ಲಿ ಡೇರಿ ಅನ್ನುತ್ತಾರೆ, ಎಮ್ಮೆ ಇಲ್ಲ ಆಕಳಿಲ್ಲ. ಊದಿನಕಡ್ಡಿ ಹಚ್ಚಿದರೆ ಹೊಗೆಗೆ ಮನೆಯ ಗಂಟೆ ಬೊಬ್ಬೆ ಹೊಡೆಯುತ್ತದೆ ಅಂತ, ಬಟ್ಟೆ ಒಗೆಯುವ ಮಷಿನ್ನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಲಿಂಗಪೂಜೆ ಮಾಡುತ್ತೇನೆ. ಅಂಗೈಯಲ್ಲಿ ಲಿಂಗ ಹಿಡಿದರೆ ಒಂದೇ ಪ್ರಶ್ನೆ. ನಾನು ಸುಳ್ಳು ಹೇಳಿಲ್ಲ ಖರೆ, ಖರೇನಾದರೂ ಎಲ್ಲಿ ಹೇಳಿದ್ದೇನೆ? ಸ್ನೇಹಲ್ ಎರಡನೇ ಸಲ ಸೋತರೆ ಮತ್ತೆ ಅರ್ಜಿ ಹಾಕುವುದಿಲ್ಲ ಅನ್ನುತ್ತಾಳೆ. ನೀನು ಮೊದಲನೇ ಸಲ ಹಡೆಯುವವಳು. ಅವಳಿಗೆ ತಾಯಿ ಇಲ್ಲ. ನಿನಗೆ ಇದ್ದಾಳೆ, ಇದ್ದೂ ಮಷಿನ್ನಿನ ಪಕ್ಕ ಕೂತಿದ್ದಾಳೆ.

ನಿಧಿ ನಿನಗೆ ಒಂದು ಚಿತ್ರ ಬರೆದುಕೊಟ್ಟಿದ್ದಾಳೆ, ಜೊತೆಗಿಟ್ಟಿದ್ದೇನೆ. ಹೊಟ್ಟೆ ಮಾತ್ರ ದೊಡ್ಡದಿದೆ, ಅದು ನೀನೇ ಅಂತೆ. ನಮ್ಮ ಓಣಿಯ ಹಿರಿಯರಿಗೆ ನನ್ನ ಶರಣು ಹೇಳು. ಅಳಿಯಂದಿರಿಗೆ ಕೇಳಿದ್ದೇನೆ ಅನ್ನು. ಅಪ್ಪನಿಗೆ ಬಿ.ಪಿ. ಗುಳಿಗೆ ನೆನಪಿಸು. ನೀನೂ, ಒಳಗಿರುವ ಆ ಸಣ್ಣದೂ ಗುರುಬಸವನ ನೆರಳಿನಲ್ಲಿ ಸುಖವಾಗಿರಿ.

ನಿನ್ನ ಅವ್ವ,
ಮಲ್ಲವ್ವ

ತಾ.ಕ.: ಕಾಗದ ಒಯ್ಯುವ ಲೀಲಾವತಿಯ ಕಾರು ಬಂದೇ ಬಿಟ್ಟಿತು, ಅವಳು ಇವತ್ತೇ ಹುಬ್ಬಳ್ಳಿಗೆ ಹೊರಟಿದ್ದಾಳೆ. ಲಗೂನ ಬರೆಯುತ್ತೇನೆ. ಹತ್ತೊಂಬತ್ತಕ್ಕೆ ರವಿವಾರ ನಾವು ಫೋನ್ ಮಾಡುತ್ತೇವೆ, ಸ್ಪೀಕರ್ ಇದ್ದೇ ಇರುತ್ತದೆ, ನೀನು ಏನೂ ಕೇಳಬೇಡ. ಅದಕ್ಕೆ ಮೊದಲು ಸ್ನೇಹಲ್‌ಗೆ ಹೇಳಬೇಕು ಅಂತ ಮಾಡಿದ್ದೇನೆ, ಬಾಯಿ ಬರುತ್ತದೋ ಇಲ್ಲವೋ. ಫೋನ್ ಇಡುವಾಗ ನಾನು ಯಾವಾಗಿನಂತೆ 'ಬರ್ತೀನಿ ಯವ್ವಾ' ಅಂದರೆ ಊರಿಗೆ ಬರುವುದಿಲ್ಲ ಅಂತ ತಿಳಿ. ಬಾಣಂತನಕ್ಕೆ ದೊಡ್ಡವ್ವನನ್ನು ಕರೆಸಿಕೋ, ಅಳಬೇಡ, ಕೂಸಿಗೆ ಒಳ್ಳೆಯದಲ್ಲ. 'ಹೋಗ್ತೀನಿ' ಅಂದರೆ ಗಾಬರಿಯಾಗಬೇಡ. ನಿನಗೂ ಕೂಸಿಗೂ ನೀರು ಎರೆಯಬೇಕಲ್ಲ, ಅಪ್ಪನಿಗೆ ಹೇಳಿ ಬಚ್ಚಲಿನ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಡು.